ತಡವಾಗಿ ಬರುವ ನಗು

“ಹತ್ತಕ್ಕೆ ನಾಲ್ಕು,” ಎಂದಳು ರಿಮೋಟ್. “ಅದೂ ಆ ಗೊಣಗೋ ಅಜ್ಜಿಗೋಸ್ಕರ. ಇಲ್ಲದಿದ್ರೆ ಎರಡೇ.”

ಊಟದ ಬೆಲ್ ಹೊಡೆದಿತ್ತು. ಕೊನೆಯ ಬೆಂಚಿನ ಸುತ್ತ ಐದಾರು ಮಂದಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನಿನ್ನೆಯ ಟಿವಿ ಕಾಮಿಡಿ ಚೆನ್ನಾಗಿತ್ತೋ ಇಲ್ಲವೋ ಎಂದು ಐದನೇ ಕ್ಲಾಸಿನಲ್ಲಿ ಯಾರೂ ತಾವಾಗಿ ತೀರ್ಮಾನಿಸುತ್ತಿರಲಿಲ್ಲ. ಅದನ್ನು ರಿಮೋಟ್ ಹೇಳಬೇಕು. ಯಾವ ಕಾಮಿಡಿ ಎಷ್ಟು ಹೊತ್ತಿಗೆ, ಯಾವ ಜೋಕು ಎಲ್ಲಿಂದ ಕದ್ದದ್ದು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಆ ಹೆಸರು ಬಂದದ್ದೂ ಹಾಗೆಯೇ. ಮನೆಯಲ್ಲಿ ಮಾತ್ರ ಅವಳು ಬರೀ ಪುಟ್ಟಿ.

“ನಂಗೇನೋ ಚೆನ್ನಾಗೇ ಇತ್ತಪ್ಪ,” ಎಂದ ಕನ್ನಡಕ. ದಪ್ಪ ಗಾಜಿನ ಹಿಂದೆ ಅವನ ಕಣ್ಣು ಪಿಳಿಪಿಳಿ ಎನ್ನುತ್ತಿತ್ತು.

“ನಿಂಗೆ ಸೋಪಿನ ಜಾಹೀರಾತೂ ಚೆನ್ನಾಗಿರತ್ತೆ.”

ಎಲ್ಲರೂ ನಕ್ಕರು. ಕನ್ನಡಕ ಪೆಚ್ಚಾಗಿ ಡಬ್ಬಿಯೊಳಗೆ ನೋಡತೊಡಗಿದ. ರಿಮೋಟಿಗೆ ಪಾಪ ಎನಿಸಲಿಲ್ಲ. ಅಭಿಪ್ರಾಯ ಹೇಳುವವರು ಹಾಗೆಲ್ಲ ಪಾಪ ಅಂದುಕೊಂಡು ಕೂತರೆ ಆಗುತ್ತದೆಯೇ?

“ಏಳೂವರೆದು ಒಂದೇ ನೋಡೋ ಹಾಗಿರೋದು. ಹತ್ತಕ್ಕೆ ಎಂಟು,” ಎಂದು ಅವಳು ಮುಂದುವರಿಸಿದಳು. “ಆದ್ರೆ ಅದರಲ್ಲಿ ಜನ ಕೂತು ನಗ್ತಾರಲ್ಲ, ಅವರಲ್ಲಿ ಒಬ್ರು ಟ್ಯೂಬ್‌ಲೈಟ್ ಇದಾರೆ. ಎಲ್ಲರೂ ನಕ್ಕು ಮುಗಿಸಿದ್ಮೇಲೆ ಹ್ಹ... ಹ್ಹ ಹ್ಹಾ ಅಂತ ಶುರು ಮಾಡ್ತಾರೆ. ಇಡೀ ಜೋಕು ಹಾಳು. ನಾನು ಹೋದ ವಾರಾನೇ ಕಾಗದ ಬರೆದು ಹಾಕಿದೀನಿ.”

“ಯಾರಿಗೆ?”

“ಟಿವಿಯವರಿಗೆ. ಕೊನೇಲಿ ಅಡ್ರೆಸ್ ತೋರಿಸ್ತಾರಲ್ಲ. ಹಿಂದೆ ಕೂರೋ ಟ್ಯೂಬ್‌ಲೈಟನ್ನ ಬದಲಾಯಿಸಿ, ಇಂತಿ ರಿಮೋಟ್ ಅಂತ.”

ಬೆಂಚಿನ ಸುತ್ತ ಕೂತವರೆಲ್ಲ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದರು. ಆ ದಿನ ಸಂಜೆವರೆಗೂ ಅವಳ ಕಾಲು ನೆಲದ ಮೇಲಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಆಗಲೇ ಬಂದಿದ್ದ. ಅದು ಗುರುವಾರ. ಗುರುವಾರ ಅವನು ಕತ್ತಲಾದ ಮೇಲೇ ಬರುತ್ತಿದ್ದುದು.

ಅಪ್ಪ ಹನ್ನೆರಡು ವರ್ಷ ಒಂದು ಸಿನಿಮಾ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ. ಹಿಂದಿನ ಗೋಡೆಯ ಪುಟ್ಟ ಕೋಣೆಯಲ್ಲಿ ಕೂತು ಸಿನಿಮಾ ಓಡಿಸುವ ಕೆಲಸ. ಅಲ್ಲಿ ಸದ್ದು ಮಾಡುವಂತಿರಲಿಲ್ಲ. ಹಾಗಾಗಿ ಎಂಥ ಜೋಕು ಬಂದರೂ ಅಪ್ಪ ಬಾಯಿ ಮುಚ್ಚಿಕೊಂಡು ಹೆಗಲು ಕುಲುಕಿಸಿ ನಗುತ್ತಿದ್ದ. ಮನೆಯಲ್ಲೂ ಅದೇ ರೂಢಿ. ಈ ವರ್ಷದ ಮೊದಲಲ್ಲಿ ಟಾಕೀಸು ಮುಚ್ಚಿತು. ಅಂದಿನಿಂದ ಆ ಹೆಗಲು ಕುಲುಕಿದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಎಲ್ಲೋ ಬೇರೆ ಕೆಲಸ ಸಿಕ್ಕಿತು. ಏನು ಕೆಲಸವೆಂದು ಕೇಳಿದರೆ ಅಮ್ಮ “ಸ್ಟುಡಿಯೋ ಕಡೆ” ಎಂದು ಮಾತು ಬದಲಿಸುತ್ತಿದ್ದಳು.

ಈಗ ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೈಕಟ್ಟಿ ಕೂತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಶರ್ಟನ್ನೂ ಬಿಚ್ಚಿರಲಿಲ್ಲ.

“ಇನ್ಮೇಲೆ ಬರೋದೇ ಬೇಡ ಅಂದ್ರಾ?” ಎಂದು ಅಮ್ಮ ಕೇಳುತ್ತಿದ್ದಳು.

“ಹೂಂ. ನಗೋಕೆ ಬೇರೆಯವರು ಸಿಕ್ಕಿದಾರಂತೆ.”

ಪುಟ್ಟಿ ಬಾಗಿಲಲ್ಲೇ ನಿಂತಳು. “ನಗೋಕಾ?”

ಅಪ್ಪ ತಿರುಗಿ ನೋಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿರಬೇಕು.

“ಬಾ ಮರಿ, ಕೂತ್ಕೋ. ಏಳೂವರೆ ಕಾಮಿಡೀಲಿ ಜನ ನಗ್ತಾರಲ್ಲ, ನಾನೂ ಅವರಲ್ಲೊಬ್ಬ. ಕೊನೇ ಸಾಲು. ದೊಡ್ಡವನಾಗಿ ಇದೇನು ಕೆಲಸ ಅಂತ ನಿಂಗೆ ಹೇಳೋಕೆ ನಾಚಿಕೆ ಆಯ್ತು.”

ಪುಟ್ಟಿಗೆ ಬ್ಯಾಗು ಇಳಿಸುವುದೂ ಮರೆತುಹೋಯಿತು.

“ಎದುರಿಗೆ ಒಂದು ಕೆಂಪು ದೀಪ ಇರತ್ತೆ. ಅದು ಹತ್ತಿದಾಗ ಗಟ್ಟಿಯಾಗಿ ನಗಬೇಕು, ಆರಿದಾಗ ನಿಲ್ಲಿಸಬೇಕು. ಅಷ್ಟೇ. ಆದ್ರೆ ನಾನು ದೀಪ ಬಿಟ್ಟು ಮಾತು ಕೇಳ್ತಾ ಕೂತ್ಬಿಡ್ತೀನಿ. ಅರ್ಥ ಆದ್ಮೇಲೆ ನಗು ಬರತ್ತೆ. ಅಷ್ಟರಲ್ಲಿ ದೀಪ ಆರಿರತ್ತೆ.”

“ಇಷ್ಟು ದಿನ ಇಲ್ಲದ್ದು ಇವತ್ತೇನು ಬಂತು ಅವರಿಗೆ?” ಎಂದಳು ಅಮ್ಮ.

“ಯಾರೋ ಕಾಗದ ಬರೆದಿದ್ರು. ಅದನ್ನ ಮೈಕಲ್ಲಿ ಓದಿದ್ರು. ಹಿಂದೆ ಕೂರೋ ಟ್ಯೂಬ್‌ಲೈಟನ್ನ ಬದಲಾಯಿಸಿ ಅಂತ.” ಅಪ್ಪ ಶರ್ಟಿನ ಗುಂಡಿ ತಿರುಗಿಸಿದ. “ಎಲ್ಲರೂ ನಕ್ರು. ಇವತ್ತು ದೀಪ ಹಾಕೋ ಕೆಲಸಾನೇ ಬೀಳಲಿಲ್ಲ.”

“ಯಾರದು, ಮನೆಹಾಳರು?”

“ರಿಮೋಟ್ ಅಂತ ಹೆಸರಿತ್ತಂತೆ. ಯಾವುದೋ ಮಗು ಇರ್ಬೇಕು ಬಿಡೇ. ಅಕ್ಷರ ಮುದ್ದಾಗಿತ್ತು ಅಂತ ಓದಿದವರೇ ಹೇಳ್ತಿದ್ರು.”

ಪುಟ್ಟಿ ಒಳಗೆ ಹೋಗಿ ಯೂನಿಫಾರ್ಮಿನಲ್ಲೇ ಹಾಸಿಗೆಯ ಮೇಲೆ ಕೂತಳು. ಅಳು ಬಂದರೆ ಹಗುರಾಗುತ್ತಿತ್ತೇನೋ. ಬರಲಿಲ್ಲ.

ಮಾರನೆಯ ದಿನ ಬೆಂಚಿನ ಸುತ್ತ ಎಲ್ಲರೂ ಕಾದು ಕೂತಿದ್ದರು. “ನಿನ್ನೆದು ಎಷ್ಟು?”

“ನೋಡಿಲ್ಲ.”

“ನೀನಾ? ನೋಡಿಲ್ವಾ?”

“ನೋಡಿಲ್ಲ ಅಂದ್ನಲ್ಲ.” ಅವಳು ಡಬ್ಬಿ ಎತ್ತಿಕೊಂಡು ಹೊರಟಳು. ನಲ್ಲಿಯ ಹತ್ತಿರ ಕನ್ನಡಕ ಹಿಂದೆಯೇ ಬಂದು, “ಹುಷಾರಿಲ್ವಾ?” ಎಂದ. ನಿನ್ನೆ ಅವನನ್ನು ಎಲ್ಲರೆದುರು ಪೆಚ್ಚು ಮಾಡಿದ್ದು ಅವಳಿಗೆ ನೆನಪಾಯಿತು. ಏನಿಲ್ಲ ಎಂಬಂತೆ ತಲೆಯಾಡಿಸಿದಳು.

ಆ ಸಂಜೆಯೂ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಆದರೆ ಗೋಡೆಯಾಚೆಯ ಮನೆಯವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಏಳೂವರೆಗೆ ಸರಿಯಾಗಿ ಅಲ್ಲಿ ಕಾಮಿಡಿ ಶುರುವಾಯಿತು. ಎಷ್ಟೋ ದಿನಗಳ ಹಿಂದೆ ತೆಗೆದಿಟ್ಟ ಕಂತು. ಯಾರೋ ಏನೋ ಅಂದರು, ಜನ ಘೊಳ್ಳೆಂದು ನಕ್ಕರು, ನಗು ನಿಂತಿತು.

ಆಮೇಲೆ ಒಂದೇ ಒಂದು ದನಿ. ಹ್ಹ... ಹ್ಹ ಹ್ಹಾ.

ಅಮ್ಮನ ಹೊಲಿಗೆ ಮೆಷಿನ್ ನಿಂತಿತು. ಅಪ್ಪ ನೆಲ ನೋಡುತ್ತ ಕೂತಿದ್ದ. ಪುಟ್ಟಿ ಆ ನಗುವನ್ನು ನೂರು ಸಲ ಕೇಳಿದ್ದಳು, ನೂರು ಸಲ ಬೈದಿದ್ದಳು. ಅಪ್ಪನ ಗಟ್ಟಿ ನಗು ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

“ಅಪ್ಪಾ,” ಎಂದಳು. “ಕಳ್ಳನ ಸಿನಿಮಾ ಹಾಕ್ತೀಯಾ?”

ಅಪ್ಪ ತಲೆಯೆತ್ತಿದ. “ಅದಕ್ಕೆ ಹತ್ತಕ್ಕೆ ಮೂರು ಕೊಟ್ಟಿದ್ದೆ ನೀನು. ಯಾರೂ ನಗದಿದ್ರೆ ಅದೆಂಥ ಕಾಮಿಡಿ ಅಂದಿದ್ದೆ.”

“ಇನ್ನೊಂದ್ಸಲ ನೋಡ್ತೀನಿ.”

ಅದು ಬೀಗದ ಅಂಗಡಿಗೆ ನುಗ್ಗಿ, ಹೊರಗೆ ಬರಲಾಗದೆ, ಕೊನೆಗೆ ಅಲ್ಲೇ ಕೆಲಸಕ್ಕೆ ಸೇರುವ ಕಳ್ಳನ ಕತೆ. ಮೊದಲು ಬಂದಾಗ ಮೂರೇ ದಿನ ಓಡಿತ್ತಂತೆ. ಆದರೂ ವರ್ಷಕ್ಕೊಂದು ಭಾನುವಾರ ಎಲ್ಲಿಂದಲೋ ಹದಿನೈದು ಜನ ಹುಚ್ಚರು ಅಪ್ಪನ ಟಾಕೀಸಿಗೆ ಬಂದು, ಪರದೆಯ ಮೇಲಿನವರಿಗಿಂತ ಮೊದಲೇ ಡೈಲಾಗು ಹೇಳುತ್ತ ಅದನ್ನು ನೋಡುತ್ತಿದ್ದರು. ಹದಿನಾರನೆಯವನು ಹಿಂದಿನ ಕೋಣೆಯಲ್ಲಿರುತ್ತಿದ್ದ.

ಅಪ್ಪ ಆ ಸಿನಿಮಾದ ಡಿಸ್ಕನ್ನು ಬನಿಯನ್ನಿಗೆ ಒರೆಸಿ ಹಾಕಿದ. ಇಬ್ಬರೂ ಚಾಪೆಯ ಮೇಲೆ ಕೂತರು. ಇದರಲ್ಲಿ ಹಿಂದೆ ನಗುವವರು ಯಾರೂ ಇರಲಿಲ್ಲ. ಎಲ್ಲಿ ನಗಬೇಕೆಂದು ನೋಡುವವರೇ ಹುಡುಕಿಕೊಳ್ಳಬೇಕಿತ್ತು.

ಅಪ್ಪನಿಗೆ ಇಷ್ಟವಾದ ದೃಶ್ಯ ಬಂತು. ಕಳ್ಳ ಕೆಲಸ ಬಿಟ್ಟು ಹೊರಡುತ್ತಾನೆ. ಅಂಗಡಿಗೆ ಬೀಗ ಹಾಕಿ, ಬೀಗದಕೈಯನ್ನು ಬಾಗಿಲ ಸಂದಿಯಿಂದ ಒಳಗೆಸೆದು, ಎದೆ ಉಬ್ಬಿಸಿ ಎರಡು ಹೆಜ್ಜೆ ಇಡುತ್ತಾನೆ. ನಿಲ್ಲುತ್ತಾನೆ. ಬರಿಗಾಲು. ಚಪ್ಪಲಿ ಒಳಗೇ ಉಳಿದಿದೆ.

ಪುಟ್ಟಿ ಪಕ್ಕಕ್ಕೆ ನೋಡಿದಳು. ಅಪ್ಪನ ಹೆಗಲು ಅಲುಗಲಿಲ್ಲ.

“ಅಪ್ಪಾ, ಸ್ಕೂಲಲ್ಲಿ ಎಲ್ಲರೂ ನನ್ನ ರಿಮೋಟ್ ಅಂತಾರೆ.”

ಅಪ್ಪ ಬನಿಯನ್ನಿನ ಅಂಚನ್ನು ತಿರುಗಿಸಿದ.

“ಆ ಕಾಗದ ನಾನೇ ಬರೆದದ್ದು. ನೀನು ಅಂತ ಗೊತ್ತಿರಲಿಲ್ಲ.” ಈಗ ಅಳು ಬಂತು. “ಬೇರೆ ಯಾರೋ ಅಂದ್ಕೊಂಡೆ.”

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಬೇರೆ ಯಾರೋ ಆಗಿದ್ದರೂ ಅವರಿಗೂ ಒಂದು ಮನೆ ಇರುತ್ತಿತ್ತು. ಅವರೂ ಇಸ್ತ್ರಿ ಶರ್ಟು ಹಾಕಿಕೊಂಡೇ ಮನೆಗೆ ಮರಳುತ್ತಿದ್ದರು.

ಅಪ್ಪನ ಕಣ್ಣು ಟಿವಿಯ ಮೇಲೇ ಇತ್ತು. ಕಳ್ಳ ಒಮ್ಮೆ ಬಾಗಿಲನ್ನು, ಒಮ್ಮೆ ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದ. ಪುಟ್ಟಿ ಅಪ್ಪನ ತೋಳಿಗೆ ತಲೆ ಆನಿಸಿದಳು. ಅಪ್ಪ ತೋಳನ್ನು ಸರಿಸಿಕೊಳ್ಳಲಿಲ್ಲ.

ಅಪ್ಪನಿಗೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು. ಅವನ ಹೆಗಲಿನ ಪಕ್ಕದಲ್ಲೇ, ಅದು ಕುಲುಕುವುದನ್ನು ಕಾಯುತ್ತ ಅವಳು ಕೂತಳು.