ಹನ್ನೆರಡನೇ ವ್ಯಾಗನ್

"ಇಷ್ಟು ಚಂದದ ಡಬ್ಬಿ ಮೇಲೆ ಇಷ್ಟು ಕೆಟ್ಟ ಅಕ್ಷರನಾ? ಬರೆದೋರಿಗೆ ಕೈ ಮುರಿದಿತ್ತಾ?"

ಅವಳು ನನ್ನ ಜೊತೆ ಆಡಿದ ಮೊದಲ ಮಾತು ಇದು. ನನ್ನ ವಾಚ್ ರಿಪೇರಿ ಅಂಗಡಿಯ ಗಾಜಿನ ಮೇಲೆ ಬೋರ್ಡ್ ಬರೆಯಲು ಬಂದವಳು, ಮೇಜಿನ ಮೇಲಿದ್ದ ಪುಟಾಣಿ ಗೂಡ್ಸ್ ವ್ಯಾಗನ್ ಕಂಡು ಬ್ರಷ್ ಕೆಳಗಿಟ್ಟಿದ್ದಳು. ಹಲಗೆ, ಬಾಗಿಲು, ಒಂದೊಂದು ರಿವೆಟ್ಟೂ ನಾನೇ ಕೂರಿಸಿದ್ದು. ಬರೆದವನೂ ನಾನೇ ಎನ್ನಲು ಬಾಯಿ ಬರಲಿಲ್ಲ.

ಅಂದಿನಿಂದ ವ್ಯಾಗನ್ ನನ್ನದು, ಅಕ್ಷರ ಅವಳದು. ಭಾನುವಾರ ಬಂದು, ಮೂರೇ ಕೂದಲಿನ ಬ್ರಷ್ಷಿನಲ್ಲಿ, ನಿಜವಾದ ವ್ಯಾಗನ್ನಿನ ಮೇಲಿರುವಂತೆಯೇ ನಂಬರ್, ತೂಕ, ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಮುಂದಿನ ರಿಪೇರಿಯ ತಾರೀಖು ಬರೆಯುತ್ತಿದ್ದಳು. ಬರೆಯುವಾಗ ನಾಲಿಗೆಯ ತುದಿ ಹೊರಗೆ ಇಣುಕುತ್ತಿತ್ತು. ಭೂತಗನ್ನಡಿಯಲ್ಲಿ ನಾನು ನೋಡುತ್ತಿದ್ದದ್ದು ಅಕ್ಷರವನ್ನಷ್ಟೇ ಅಲ್ಲ.

"ಗಾರ್ಡ್ ಸಾಹೇಬ್ರೇ, ಗಾಡಿ ಈ ಕಡೆ ಇದೆ," ಎನ್ನುತ್ತಿದ್ದಳು, ತಲೆ ಎತ್ತದೆ.

ನನ್ನದೊಂದು ಹಠವಿತ್ತು. ಮೇಜಿನ ಮೇಲಿನ ನನ್ನ ಪುಟ್ಟ ರೈಲ್ವೆಯಲ್ಲಿ ಯಾವಾಗಲೂ ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ. ಅದರ ನಂತರದ ಒಂದು ಮೊಳೆಯೂ ಹಳಿಯ ಮೇಲೆ ಬರಕೂಡದು.

ಒಂಬತ್ತನೇ ವ್ಯಾಗನ್ ಒಣಗುತ್ತಿದ್ದಾಗ, ಮದುವೆ ಆಗ್ತೀಯಾ ಎಂದು ಕೇಳಿಯೇಬಿಟ್ಟೆ. ಅವಳ ಕಿವಿ ಕೆಂಪಾಯಿತು.

"ಯಾವಾಗ?"

"ಹನ್ನೆರಡು ವ್ಯಾಗನ್ ಮುಗೀಲಿ. ದಿನ ನೀನೇ ಹೇಳು."

ಹನ್ನೆರಡನೆಯದನ್ನು ಬರೆದು ಮುಗಿಸಿ, ನನ್ನ ಮುಂದೆ ಸರಿಸಿ, ಕೈಕಟ್ಟಿ ನಿಂತಳು. ನಂಬರ್ ಸರಿ, ತೂಕ ಸರಿ. ತಾರೀಖು ಮಾತ್ರ ಬರುವ ತಿಂಗಳ ಹದಿನಾಲ್ಕು, ಆಗ ನಡೆಯುತ್ತಿದ್ದ ವರ್ಷದ್ದು.

"ಅಯ್ಯೋ, ಇಸವಿ ತಪ್ಪು!" ನಕ್ಕೆ.

"ಸರಿಯಾಗಿ ನೋಡಿ."

"ನೋಡ್ದೆ. ಐವತ್ತೆಂಟು ಬರ್ಬೇಕು."

ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಿಬಿಟ್ಟೆ. ಅವಳು ಬ್ರಷ್ ತೊಳೆದಿಟ್ಟು ಚಪ್ಪಲಿ ಮೆಟ್ಟಿ ಹೊರಟಳು. ಬಣ್ಣ ಮೆತ್ತಿದ ಹತ್ತಿಯನ್ನು ಬುಟ್ಟಿಗೆ ಹಾಕುವಾಗ ನನಗೆ ಹೊಳೆಯಿತು.

ಬಸ್ ಸ್ಟಾಪಿಗೆ ಓಡಿದೆ.

"ಗೊತ್ತಾಗ್ಲಿಲ್ಲ ಕಣೆ, ನಿಜವಾಗ್ಲೂ."

"ಗೊತ್ತಾಗ್ಲಿಲ್ಲ ಅಂತ ನಂಗೂ ಗೊತ್ತು. ಬೇಕಂತ ಒರೆಸಿದ್ರೆ ಜಗಳ ಆಡ್ತಿದ್ದೆ." ನಗಲು ನೋಡಿದಳು, ಆಗಲಿಲ್ಲ. "ಮೂರು ವಾರ ಅಮ್ಮನ ಹತ್ರ ವಾದ ಮಾಡಿ ಒಪ್ಪಿಸಿದ ಮದುವೆ ದಿನ ಅದು. ನಿಮಗೆ ಇಸವಿ ಕಾಣಿಸ್ತು. ಎದುರಿಗೆ ನಿಂತಿದ್ದ ನಾನು ಕಾಣಿಸ್ಲಿಲ್ಲ."

"ಇನ್ನೊಂದ್ಸಲ ಬರಿ. ಹಾಗೇ ಇಟ್ಕೋತೀನಿ."

"ಆಗಲ್ಲ, ಸಾಹೇಬ್ರೇ. ಈ ಗಾಡಿಲಿ ನಂಗೆ ಜಾಗ ಇಲ್ಲ."

ಬಸ್ ಬಂತು. ನಾನೂ ಹತ್ತಬೇಕಿತ್ತು. ನಾಳೆ ಸಮಾಧಾನ ಆಗ್ತಾಳೆ ಎಂದುಕೊಂಡು ಅಂಗಡಿ ಮುಚ್ಚಲು ವಾಪಸ್ ಬಂದೆ, ಮೂರ್ಖ. ಆಮೇಲೆ ಅವಳು ಫೋನ್ ಎತ್ತಲಿಲ್ಲ. ಹದಿನಾಲ್ಕನೇ ತಾರೀಖು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಿಗೆ ಮುಖ ಮಾಡಿ ಕೂತೆ. ವಾಚಿಗೆ ಬೆಲ್ಟ್ ಹಾಕಿಸಲು ಬಂದ ಮುದುಕರೊಬ್ಬರನ್ನು ಬಿಟ್ಟರೆ ಯಾರೂ ಬರಲಿಲ್ಲ. ವರ್ಷದೊಳಗೆ ಅವಳಿಗೆ ಬೇರೆ ಕಡೆ ಮದುವೆಯಾಯಿತು.

ಅವಳು ಬಿಟ್ಟುಹೋದ ಬ್ರಷ್ಷಿನಲ್ಲೇ ಆ ತಾರೀಖನ್ನು ನಾನೇ ಬರೆದಿದ್ದೇನೆ. ಅಕ್ಷರ ಈಗಲೂ ಕೆಟ್ಟದಾಗಿಯೇ ಇದೆ. ಮೊನ್ನೆ ನನ್ನಂಥದೇ ಹುಚ್ಚಿನವರೊಬ್ಬರು ಬಂದು, ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

"ಸಾರ್, ಹನ್ನೆರಡನೇದರಲ್ಲಿ ಇಸವಿ ತಪ್ಪಾಗಿದೆ. ಥಿನ್ನರ್ ಇದ್ರೆ ಕೊಡಿ, ಒರೆಸ್ತೀನಿ."

ಅವರ ಕೈಯಿಂದ ವ್ಯಾಗನ್ ತೆಗೆದುಕೊಂಡು ಹಳಿಯ ಮೇಲಿಟ್ಟೆ.

"ಬೇಡ," ಎಂದೆ. "ಒಂದ್ಸಲ ಒರೆಸಿ ಆಗಿದೆ."