ಎಡಗಡೆಯ ಬಿಳಿ ರಿಬ್ಬನ್

ಗುಂಡು ಬಿದ್ದದ್ದು ಫಿಲ್ಮಿನ ನಾಲ್ಕನೇ ಸೆಕೆಂಡಿನಲ್ಲಿ.

ಸದ್ದಿಲ್ಲದ ಫಿಲ್ಮ್. ಕೆಳಗೆ ವೇದಿಕೆಯ ಅಂಚು. ಅಲ್ಲಿ ಮಾತಾಡುತ್ತಿದ್ದ ಅಭ್ಯರ್ಥಿ ಕು ತೆಮಿನ್ ಕುಸಿದು ಮರೆಯಾಗುತ್ತಾನೆ. ಎದುರಿಗೆ ಜನ. ಜನರ ಬೆನ್ನಿಗೆ ಸಮುದ್ರ, ಕಟ್ಟಡ ಒಂದೂ ಕಾಣದು. ಮುಂದಿನ ಏಳು ಸೆಕೆಂಡು ಬರೀ ಮುಖಗಳು. ಆಮೇಲೆ ಪರದೆ ಬಿಳಿ.

ಅದು ೧೯೬೩ರ ನವೆಂಬರಿನ ಚುನಾವಣಾ ಸಭೆ, ಹೆಪೊ ಬಂದರಿನ ಮೀನುಕಟ್ಟೆ. ನಲವತ್ತಮೂರು ವರ್ಷದ ಮೇಲೆ ಇನ್‌ಸ್ಪೆಕ್ಟರ್ ನಾಮ್ ಇನ್‌ಸುಕ್ ಅದನ್ನು ಎಷ್ಟನೇ ಸಲ ನೋಡುತ್ತಿದ್ದಳೋ, ಲೆಕ್ಕ ತಪ್ಪಿಹೋಗಿತ್ತು.

ಪಕ್ಕದಲ್ಲಿ ಕೂತಿದ್ದವಳು ಮಾ ಒಕ್ಸಿಮ್. ಕೊಲೆಗಾರ ಎನಿಸಿಕೊಂಡು ಜೈಲಿನಲ್ಲೇ ಸತ್ತ ಮಾ ದೊಕ್ಸುವಿನ ತಂಗಿ. ಮರುವಿಚಾರಣೆಗೆ ಅರ್ಜಿ ಹಾಕಿದ್ದಳು. ಹೊಸ ಸಾಕ್ಷ್ಯ ಕೊಡಲು ಒಂಬತ್ತು ದಿನ ಉಳಿದಿತ್ತು. ಅದು ದಾಟಿದರೆ ದೊಕ್ಸು ಶಾಶ್ವತವಾಗಿ ಕೊಲೆಗಾರನೇ.

"ಆ ಹೆಂಗಸು ಸಿಕ್ಕಿದ್ಲಾ, ಇನ್‌ಸ್ಪೆಕ್ಟರಮ್ಮಾ?"

"ಹದಿನಾಲ್ಕು ಮುಖ ಗುರುತು ಸಿಕ್ಕಿದೆ. ಅವಳದ್ದು ಇನ್ನೂ ಇಲ್ಲ."

ದೊಕ್ಸು ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ. 'ನಾನು ನಿಂತದ್ದು ಬಲೆಗೋದಾಮಿನ ಕಡೆ. ಪಕ್ಕದಲ್ಲಿ ಸೂತಕದ ಬಿಳಿ ಬಟ್ಟೆಯ ಹೆಂಗಸಿದ್ದಳು. ಅವಳ ಮೀನಿನ ಬೋಗುಣಿ ನನ್ನ ಎರಡೂ ಕೈಯಲ್ಲಿತ್ತು.' ಫಿಲ್ಮಿನಲ್ಲಿ ಜನರ ನೂಕುನುಗ್ಗಲಿನಲ್ಲಿ ಕೈಗಳು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿ ಅವನಿರುವುದು ಎದುರು ತುದಿಯಲ್ಲಿ, ಪಿಸ್ತೂಲು ಸಿಕ್ಕ ಐಸ್ ಕಾರ್ಖಾನೆಯ ಗೋಡೆಯ ಕಡೆ. ನಿಂತ ಜಾಗದಲ್ಲೇ ಸುಳ್ಳಾಡಿದವನ ಉಳಿದ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಆದರೂ ಪೊಲೀಸರು ಆ ಹೆಂಗಸನ್ನು ಹುಡುಕಿದ್ದರು. ಫಿಲ್ಮಿನಲ್ಲಿ ಅವನ ಪಕ್ಕ ಕಾಣುವವಳ ತಲೆಗೂದಲಿಗೆ ಸೂತಕದ ಬಿಳಿ ರಿಬ್ಬನ್, ಎಡಗಡೆ. ಎಡಗಡೆಯೆಂದರೆ ಮನೆಯಲ್ಲಿ ಗಂಡಸು ಸತ್ತಿದ್ದಾನೆ, ಬಲಗಡೆಯೆಂದರೆ ಹೆಂಗಸು. ಆ ವರ್ಷ ಗಂಡಸರು ಸತ್ತ ಮೂವತ್ತೊಂದು ಮನೆಗಳ ಬಾಗಿಲು ತಟ್ಟಿದರು. ಒಬ್ಬಳೂ ಹೂಂ ಅನ್ನಲಿಲ್ಲ.

*

ಇನ್‌ಸುಕ್ ಫಿಲ್ಮಿನಿಂದ ತೆಗೆಸಿದ ಫೋಟೊ ಹಿಡಿದು ಮೀನುಪೇಟೆ ಸುತ್ತಿದಳು. ಕೊನೆಯ ಅಂಗಡಿಯಲ್ಲಿ ಒಣಮೀನು ಮಾರುವ ಮುದುಕಿ ಕನ್ನಡಕ ಏರಿಸಿದಳು.

"ಅಯ್ಯೋ, ಇವ್ಳು ನಮ್ಮ ಇಪ್ಪುನ್ ಅಲ್ವಾ! ಎಷ್ಟು ತೆಳ್ಳಗಿದ್ಲು ನೋಡು ಆಗ. ಅವಳ ಅತ್ತೆ ಸತ್ತ ವರ್ಷ."

"ಅತ್ತೆಯಾ? ಮಾವ ಇರ್ಬೇಕು, ಅಜ್ಜಿ."

"ಯಾವ ಮಾವ? ಆ ಮುದುಕ ಗುಂಡುಕಲ್ಲಿನ ಹಾಗೆ ಇನ್ನೂ ಹನ್ನೆರಡು ವರ್ಷ ಇದ್ದ. ಇಡೀ ಬೀದಿನೇ ನಡುಗಿಸ್ತಿದ್ದ."

"ಹಾಗಾದ್ರೆ ರಿಬ್ಬನ್ ಎಡಗಡೆ ಯಾಕಿದೆ?"

ಮುದುಕಿ ಫೋಟೊವನ್ನು ಮೂಗಿನ ಹತ್ತಿರ ತಂದಳು. "ಅದೇ ನನಗೂ ಅರ್ಥ ಆಗ್ತಿಲ್ಲ. ಅತ್ತೆಗೆ ಎಡಗಡೆ ಸಿಕ್ಕಿಸ್ಕೊಂಡಿದ್ರೆ ಆ ಗಯ್ಯಾಳಿ ಗೋರಿಯಿಂದ ಎದ್ದು ಬಂದು ಜುಟ್ಟು ಹಿಡೀತಿದ್ಲು!"

ಇನ್‌ಸುಕ್ ನಗಲಿಲ್ಲ. ಫೋಟೊ ಕಿತ್ತುಕೊಂಡು ಬೇರೆ ಹೆಂಗಸರ ರವಿಕೆ ನೋಡಿದಳು. ಎದೆಯ ಮೇಲೆ ಬಲಕ್ಕೆ ಬರಬೇಕಾದ ಮಡಿಕೆ ಎಲ್ಲರದೂ ಎಡಕ್ಕಿತ್ತು. ಒಬ್ಬಳು ಅವಸರದಲ್ಲಿ ತಪ್ಪು ತೊಡಬಹುದು, ಇಡೀ ಬಂದರು ಒಂದೇ ದಿನ ತಪ್ಪು ತೊಡುವುದಿಲ್ಲ.

ಫಿಲ್ಮೇ ಮಗುಚಿತ್ತು, ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿತ್ತು. ಎಲ್ಲರೂ ಮುಖ ನೋಡಿದ್ದರು, ಬಟ್ಟೆ ನೋಡಿದವರಿರಲಿಲ್ಲ. ಅವಳೂ ನೋಡಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

*

ಬಾಂಗ್ ಸಾಂಗ್ಹೊನ ಸ್ಟುಡಿಯೊ ಹಳೆಯ ಜಾಗದಲ್ಲೇ ಇತ್ತು. ಸಭೆಯನ್ನು ಫಿಲ್ಮ್ ಮಾಡಿದವನು ಅವನೇ. ಎಪ್ಪತ್ತನಾಲ್ಕರ ಮುದುಕ ಈಗ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ.

"ಕೋರ್ಟಿಗೆ ಕೊಟ್ಟ ಪ್ರತಿ ಯಾರು ಮಾಡಿದ್ದು, ಯಜಮಾನ್ರೇ?"

"ನಾನೇ. ಊರಿಗೆಲ್ಲ ಒಂದೇ ಡಾರ್ಕ್ ರೂಮ್ ಇದ್ದದ್ದು."

"ಪ್ರತಿ ತೆಗೆಯುವಾಗ ರೀಲು ಮಗುಚಿ ಹಾಕಿದ್ರಿ. ಎಡ ಬಲ ಆಯ್ತು."

"ಅವಸರದಲ್ಲಿ ತಪ್ಪಾಗಿರ್ಬಹುದು."

"ಎಲ್ಲ ಸರಿಯಿದೆ ಅಂತ ಕೋರ್ಟಲ್ಲಿ ಪ್ರಮಾಣ ಮಾಡಿದ್ದೂ ಅವಸರದಲ್ಲಾ?"

ಬಾಂಗ್ ಮೇಜಿನ ಮೇಲಿದ್ದ ಕ್ಯಾಮರಾ ಒರೆಸತೊಡಗಿದ. ಇನ್‌ಸುಕ್ ಇನ್ನೊಂದು ಫೋಟೊ ಇಟ್ಟಳು. ಬಲೆಗೋದಾಮಿನ ತುದಿಯಲ್ಲಿ ಕಾಣುವ, ಯಾರೂ ಗುರುತಿಸದ ಸೀಳುಗಲ್ಲದ ಯುವಕ.

"ಗುಂಡು ಬಿದ್ದಾಗ ಎಲ್ಲರ ಕಣ್ಣೂ ವೇದಿಕೆ ಮೇಲೆ. ಇವನೊಬ್ಬ ಕ್ಯಾಮರಾ ನೋಡ್ತಿದಾನೆ. ಆ ಹೊತ್ತಲ್ಲಿ ಕ್ಯಾಮರಾ ಹಿಡಿದವನನ್ನ ಯಾರು ನೋಡ್ತಾರೆ? ತನ್ನವನು ತನ್ನನ್ನ ಕಂಡನಾ ಅಂತ ಹೆದರಿದವನು. ಚಿತ್ರ ಸರಿಮಾಡಿದ್ರೆ ಇವನು ಐಸ್ ಕಾರ್ಖಾನೆ ಗೋಡೆ ಹತ್ತಿರ ಇರ್ತಾನೆ. ದೊಕ್ಸು ತಾನು ಹೇಳಿದ ಜಾಗಕ್ಕೇ ಹೋಗ್ತಾನೆ."

ಗೋಡೆಯ ಮೇಲಿನ ಕುಟುಂಬದ ಫೋಟೊದಲ್ಲಿ ಅದೇ ಸೀಳುಗಲ್ಲದ ಮುಖವಿತ್ತು.

"ನನ್ನ ತಮ್ಮ," ಎಂದ ಬಾಂಗ್. "ಎದುರು ಪಕ್ಷದವರು ತಲೆ ಕೆಡಿಸಿದ್ರು. ಕೆಲಸ ಮುಗಿಸಿ ಅವತ್ತೇ ಬುಸಾನಿಗೆ ಓಡಿದ. ಸತ್ತು ಹತ್ತು ವರ್ಷ ಆಯ್ತು. ಅವನನ್ನ ಆ ಗೋಡೆಯಿಂದ ದೂರ ಸರಿಸ್ಬೇಕಿತ್ತು, ಅಷ್ಟೇ. ಅವನ ಜಾಗಕ್ಕೆ ಇನ್ನೊಬ್ಬ ಬರ್ತಾನೆ ಅಂತ ಹೊಳೀಲೇ ಇಲ್ಲ."

"ಹೊಳೆದ ಮೇಲೆ?"

ಮುದುಕ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ಒಡಹುಟ್ಟಿದವನು ಕಣಮ್ಮಾ."

ದೊಕ್ಸುವಿಗೂ ಒಡಹುಟ್ಟಿದವಳಿದ್ದಳು. ಇನ್‌ಸುಕ್ ಅದನ್ನು ಹೇಳದೆ ಹೇಳಿಕೆಯ ಕಾಗದ ಮುಂದಿಟ್ಟಳು. ಬಾಂಗ್ ಬೀರುವಿನಿಂದ ಮೂಲ ರೀಲನ್ನು ತಂದುಕೊಟ್ಟು ಸಹಿ ಮಾಡಿದ.

*

ಇಪ್ಪುನ್‌ಗೆ ಎಪ್ಪತ್ತೊಂಬತ್ತು. ಇನ್‌ಸುಕ್ ಜೊತೆ ಬಂದ ಒಕ್ಸಿಮ್ ದೊಕ್ಸುವಿನ ತಂಗಿ ಎಂದು ತಿಳಿದದ್ದೇ ತಡ, ಕೂತಲ್ಲೇ ನೆಲಕ್ಕೆ ಕೈಯೂರಿ ತಲೆ ತಗ್ಗಿಸಿದಳು.

"ಭಾರ ಇದೆ ಕೊಡಕ್ಕಾ ಅಂತ ನಿಮ್ಮಣ್ಣನೇ ಬೋಗುಣಿ ಇಸ್ಕೊಂಡ. ಗುಂಡಿನ ಸದ್ದಾದಾಗ ಅದು ಅವನ ಎರಡೂ ಕೈಯಲ್ಲಿತ್ತು."

"ಯಾಕೆ ಹೇಳ್ಲಿಲ್ಲ?" ಎಂದಳು ಒಕ್ಸಿಮ್.

"ಸೂತಕದ ಸೊಸೆ ಗಂಡಸರ ಸಭೆಗೆ ಹೋಗಿದ್ಲು ಅಂತ ಮಾವನಿಗೆ ಗೊತ್ತಾದ್ರೆ ಮನೆಯಿಂದ ಆಚೆ ಹಾಕ್ತಿದ್ದ. ಮಕ್ಕಳು ಚಿಕ್ಕವರು. ಪೊಲೀಸರು ಪಕ್ಕದ ಮನೆಗೆ ಬಂದ್ರು, ನಮ್ಮನೆಗೆ ಬರ್ಲಿಲ್ಲ. ಸದ್ಯ, ಬಚಾವಾದೆ ಅಂದ್ಕೊಂಡೆ. ಮಾವ ಸಾಯೋ ಹೊತ್ತಿಗೆ ನಿಮ್ಮಣ್ಣ ಇರ್ಲಿಲ್ಲ. ಕೋರ್ಟಿಗೆ ಬರ್ತೀನಮ್ಮಾ. ಎಲ್ಲಾರ ಮುಂದೆ ಹೇಳ್ತೀನಿ."

"ಬಾ. ಆದ್ರೆ ನನ್ನ ಪಕ್ಕ ಮಾತ್ರ ಕೂರ್ಬೇಡ."

ಒಕ್ಸಿಮ್ ಎದ್ದಳು. ಬಾಗಿಲವರೆಗೆ ಹೋದಳು. ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ಅಲ್ಲೇ ನಿಂತುಬಿಟ್ಟಳು.

"ಇನ್‌ಸ್ಪೆಕ್ಟರಮ್ಮಾ, ನಿಮಗೊಂದು ಹೇಳಿಲ್ಲ ನಾನು. ಅಣ್ಣ ಎಂಟು ವರ್ಷ ಜೈಲಲ್ಲಿದ್ದ. ಒಂದ್ಸಲನೂ ನೋಡೋಕೆ ಹೋಗ್ಲಿಲ್ಲ. ಕೋರ್ಟಲ್ಲಿ ಆ ಫಿಲ್ಮ್ ನೋಡಿದ್ನಲ್ಲ, ನಂಬಿಬಿಟ್ಟೆ. ಕೊನೆ ಕಾಗದದಲ್ಲೂ ಆ ಹೆಂಗಸನ್ನ ಹುಡುಕು ಅಂತ ಬರೆದಿದ್ದ. ಸಾಯೋನು ಸುಳ್ಳು ಹೇಳ್ತಾನಾ ಅಂತ ಅನ್ನಿಸಿದ್ದು ಅವನು ಸತ್ತ ಮೇಲೆ."

ಇನ್‌ಸುಕ್ ತಿರುಗಿ ನೋಡಿದಳು. ಒಳಗೆ ಇಪ್ಪುನ್ ಬಿಕ್ಕುತ್ತಿದ್ದಳು.

ಒಕ್ಸಿಮ್ ಚಪ್ಪಲಿ ಬಿಟ್ಟು ಹಿಂದಿರುಗಿ ಬಂದಳು. ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದಳು.

"ಕೋರ್ಟಿಗೆ ಬಂದಾಗ ನನ್ನ ಪಕ್ಕದಲ್ಲೇ ಕೂರಕ್ಕಾ. ಬೇರೆಯವರ ಪಕ್ಕ ಕೂರೋ ಮುಖ ನಮ್ಮಿಬ್ಬರಿಗೂ ಇಲ್ಲ."