ನೀರಾಗದ ಐಸ್

ಜೀವಂತ ಏಡಿಗಳನ್ನು ವಿಮಾನ ಹತ್ತಿಸುವ ಆ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ನಿಧಾನಪ್ಪ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಮೇಜು. ಏಡಿಯ ಕಚ್ಚುವ ಕಾಲು ಕಟ್ಟಿ, ಒದ್ದೆ ಗೋಣಿಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿ, ಕಾಗದದಲ್ಲಿ ಸುತ್ತಿದ ಐಸ್ ಪ್ಯಾಕನ್ನು ಮೂಲೆಗಿಟ್ಟು, ಮುಚ್ಚುವುದು. ಆಚೆ ದೇಶದಲ್ಲಿ ಪೆಟ್ಟಿಗೆ ಬಿಚ್ಚುವವನ ಉಗುರು ನೋಯಬಾರದು ಎನ್ನುವಷ್ಟು ದೂರ ಯೋಚಿಸುವ ಕೈ ಅವನದು. ಅದನ್ನು ಒಬ್ಬರಾದರೂ ಕಂಡಿದ್ದರೆ ಕೇಳಿ.

ಮೇಲ್ವಿಚಾರಕನ ಜಾಗ ಖಾಲಿಯಾದಾಗ ಸಿಕ್ಕಿದ್ದು ನಿಧಾನಪ್ಪನ ಹೆಂಡತಿಯ ತಮ್ಮನಿಗೆ. ಇವನೇ ಕರೆತಂದು, ಇವನೇ ಕೆಲಸ ಕಲಿಸಿದ, ಸೇರಿ ನಾಲ್ಕೇ ವರ್ಷವಾದ ಭಾಮೈದನಿಗೆ.

"ಬೇಜಾರು ಮಾಡ್ಕೋಬೇಡಿ ಭಾವ. ನೀವು ಒಂದು ಪೆಟ್ಟಿಗೆ ಕಟ್ಟೋಷ್ಟರಲ್ಲಿ ವಿಮಾನ ಹೋಗಿ ವಾಪಸ್ ಬಂದಿರತ್ತೆ" ಎಂದು ಅವನು ನಕ್ಕಿದ್ದ.

"ಹೋಗ್ಲಿ ಬಿಡ್ರೀ, ನಮ್ಮವನಿಗೇ ತಾನೆ ಸಿಕ್ಕಿದ್ದು" ಎಂದಳು ಹೆಂಡತಿ. ಆ ಮಾತೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಭಾಮೈದನಿಗೆ ಮೂರು ತಿಂಗಳ ಪರೀಕ್ಷಾವಧಿಯಿತ್ತು. ಅಷ್ಟರೊಳಗೆ ಅವನು ಕಟ್ಟಿ ತನ್ನ ನಂಬರು ಹಾಕಿದ ಒಂದೇ ಒಂದು ಪೆಟ್ಟಿಗೆಯ ಏಡಿಗಳು ಸತ್ತು ತಲುಪಿದರೂ ಜಾಗ ಹೋಯಿತು. ಆಮೇಲೆ ಉಳಿಯುವ ಅನುಭವಸ್ಥ ಇವನೊಬ್ಬನೇ.

ಆಯುಧ ಪಕ್ಕದ ಕೋಣೆಯಲ್ಲೇ ಇತ್ತು. ಹೆಪ್ಪುಗಟ್ಟಿಸಿದ ಮೀನಿಗೆ ಹಾಕುವ ಡ್ರೈ ಐಸ್. ಅದು ಕರಗಿ ನೀರಾಗುವುದಿಲ್ಲ, ಅನಿಲವಾಗಿ ಹಾರಿಹೋಗುತ್ತದೆ. ಹೋಗುವ ಮೊದಲು ಪೆಟ್ಟಿಗೆಯ ಉಸಿರನ್ನೆಲ್ಲ ಹೊರಗೆ ತಳ್ಳುತ್ತದೆ. ಜೀವವಿರುವ ಪೆಟ್ಟಿಗೆಯ ಹತ್ತಿರಕ್ಕೂ ಅದನ್ನು ತರಬಾರದೆಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವನು ಇವನೇ. ಐಸ್ ಪ್ಯಾಕ್ ತೆಗೆದು ಅದೇ ಕಾಗದದಲ್ಲಿ ಅಷ್ಟೇ ತೂಕದ ಡ್ರೈ ಐಸ್ ಸುತ್ತಿಟ್ಟರೆ, ಅಲ್ಲಿ ತೆರೆದವರಿಗೆ ಕಾಣುವುದು ಸತ್ತ ಏಡಿ ಮತ್ತು ಮುದುರಿದ ಕಾಗದ. ಕಟ್ಟಿದವನು ಐಸ್ ಇಡುವುದನ್ನೇ ಮರೆತಿದ್ದಾನೆ ಎಂದುಕೊಳ್ಳುತ್ತಾರೆ, ಅಷ್ಟೇ. ತೂಕ ಕಡಿಮೆ ಬಂದರೂ ಒದ್ದೆ ಸರಕು ದಾರಿಯಲ್ಲಿ ಒಣಗುವುದು ಎಲ್ಲರಿಗೂ ಗೊತ್ತು.

ಗುರುವಾರ ಬೆಳಗ್ಗೆ ಭಾಮೈದ ಹನ್ನೊಂದು ಪೆಟ್ಟಿಗೆ ಕಟ್ಟಿ, ನಂಬರು ಹಾಕಿ, ಚಹಾಕ್ಕೆ ಹೋದ. ಹತ್ತು ನಿಮಿಷ. ಇವನು ಕೈಗವಸು ಹಾಕಿಕೊಂಡು ಹನ್ನೊಂದನೆಯದರ ಟೇಪು ಕಿತ್ತ, ಐಸ್ ಬದಲಿಸಿದ. ಆ ಗಡಿಬಿಡಿಯಲ್ಲಿ ಅಲುಗಿದ ಏಡಿಗಳನ್ನು ಮತ್ತೆ ಹೊಟ್ಟೆ ಕೆಳಗಾಗಿ ಮಲಗಿಸಿದ. ಸಾಯುವವಕ್ಕೆ ಇದೆಂಥ ಉಪಚಾರ ಎಂದು ತನಗೇ ನಗು ಬಂತು. ಬೇರೆ ಬಣ್ಣದ ಟೇಪು ಕಂಡರೆ ಅನುಮಾನ ಬಂದೀತೆಂದು ಭಾಮೈದನ ಮೇಜಿನ ಸುರುಳಿಯಿಂದಲೇ ಹರಿದು ಅಂಟಿಸಿದ.

ಶುಕ್ರವಾರ ಮಧ್ಯಾಹ್ನ ಕಂಪನಿಯ ಒಡತಿ ಇಬ್ಬರನ್ನೂ ಒಳಗೆ ಕರೆದಳು.

"ಐಸ್ ಇಟ್ಟಿದ್ದೆ ಅಮ್ಮಾವ್ರೇ, ನನ್ನ ಮಕ್ಕಳಾಣೆ" ಎನ್ನುತ್ತಿದ್ದ ಭಾಮೈದನ ಮುಖ ಸುಣ್ಣವಾಗಿತ್ತು.

ನಿಧಾನಪ್ಪ ಎಷ್ಟು ಬೇಕೋ ಅಷ್ಟೇ ಮರುಕದಿಂದ ತಲೆ ತಗ್ಗಿಸಿದ. "ಚಿಕ್ಕವನು ಅಮ್ಮಾವ್ರೇ, ಅವಸರದಲ್ಲಿ ಮರ್ತಿರ್ತಾನೆ" ಎಂದ.

ಒಡತಿ ಕಂಪ್ಯೂಟರಿನ ಪರದೆಯನ್ನು ನಿಧಾನಪ್ಪನ ಕಡೆ ತಿರುಗಿಸಿದಳು. ಸತ್ತ ಏಡಿಗಳ ಫೋಟೊ ಅಲ್ಲ, ಇನ್ನೂ ಬಿಚ್ಚದ ಹನ್ನೊಂದನೇ ಪೆಟ್ಟಿಗೆಯದು. "ಆ ಕಡೆಯವರು ನಿಮ್ಮ ಪೆಟ್ಟಿಗೆ ಅಂದ್ರೆ ಪ್ರಾಣ ಬಿಡ್ತಾರೆ. ನೀವು ಕಟ್ಟಿದ್ರಲ್ಲಿ ಒಂದು ಏಡೀನೂ ಸತ್ತಿರಲ್ಲ ಅಂತ ವರ್ಷಗಟ್ಲೆಯಿಂದ ಬರೀತಿದ್ದಾರೆ. ಅಂಥ ಕೈನ ಕುರ್ಚಿ ಮೇಲೆ ಕೂರಿಸೋಕೆ ನನಗೆ ಮನಸ್ಸು ಬರ್ಲಿಲ್ಲ, ಅದು ನನ್ನ ತಪ್ಪು. ನಿಮ್ಮದು ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗತ್ತೆ ಅಂದ್ಕೊಂಡ್ರಿ? ನಂಬರು ನೋಡಿ ಅಲ್ಲ. ಈಗ ಹೇಳಿ, ಇವನ ಪೆಟ್ಟಿಗೆ ಯಾಕೆ ಬಿಚ್ಚಿದ್ರಿ?" ಅವಳ ಬೆರಳು ತೋರಿಸಿದಲ್ಲಿ ಅವನು ನೋಡಿದ. ಒದ್ದೆ ಕೈಯವರು ಉಗುರು ಹಾಕಿ ಕೆದಕದೆ ಹಿಡಿದೆಳೆಯಲೆಂದು, ಟೇಪಿನ ತುದಿ ಬೆಕ್ಕಿನ ಕಿವಿಯಷ್ಟು ಚಿಕ್ಕದಾಗಿ, ನೀಟಾಗಿ, ಒಳಕ್ಕೆ ಮಡಚಿಕೊಂಡಿತ್ತು.